ಶ್ರಾವಣದಲ್ಲಿ ಗುಂಡಿಯ ಉಪವಾಸ

ದೇವರಿಗೆ ಎಡೆ ಹಿಡಿದ ಅಡುಗೆ ಉಳಿದರೆ ನಮ್ಮ ಮನೆಯಲ್ಲಿ ಗಟಾರಕ್ಕೆ ಚೆಲ್ಲುವುದಿಲ್ಲ; ಪ್ರಸಾದ ತುಳಿತಕ್ಕೆ ಬೀಳಬಾರದು. ಹೋದ ಶ್ರಾವಣದಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದಾಗ ಊರೆಲ್ಲ ಉಂಡು ಹೋಯಿತು. ಎಡೆಯ ಅಡುಗೆಯಲ್ಲಿ ಉಳಿದದ್ದು ಕರಿದು ಕರಿದು ಕಪ್ಪಾದ ಒಂದು ಡಬ್ಬಿ ಎಣ್ಣೆ, ಬೂಸರು ಹಿಡಿದ ನಾಲ್ಕು ಭರಣಿ ಉಪ್ಪಿನಕಾಯಿ.

“ಗ್ಯಾಸಿನ ಗುಂಡ್ಯಾಗ ಹಾಕ ಬೇ. ಸಗಣಿ ತಿಂದ ತಿಂದ ಅದಕ್ಕೂ ಬಾಯಿ ಕೆಟ್ಟಿರತೈತಿ,” ಎಂದರು ಅತ್ತೆ.

ಕೊಟ್ಟಿಗೆಯ ಹಿಂದಿನ ಗೋಬರ್ ಗ್ಯಾಸ್ ಗುಂಡಿಯೇ ನಮ್ಮ ಒಲೆಯನ್ನು ನಡೆಸುವುದು. ಸಗಣಿಗಿಂತ ಪವಿತ್ರ ಜಾಗ ಯಾವುದು ಎಂದು ಕೈಮುಗಿದು ಎಲ್ಲವನ್ನೂ ಸುರಿದೆ. ಮುಂದಿನ ಸೋಮವಾರ ಐವರು ಜಂಗಮರಿಗೆ ಹೋಳಿಗೆ ಉಣಿಸುತ್ತೇನೆಂದು ಮಗುವಿನ ಹೆಸರಲ್ಲಿ ಹರಕೆ ಹೊತ್ತಿದ್ದೆ. ಗುಂಡಿ ಇದೆಯಲ್ಲ ಎಂಬ ಜಂಬದಲ್ಲಿ ಸಿಲಿಂಡರನ್ನು ಮಗಳ ಮನೆಗೆ ಕಳಿಸಿದ್ದೆ.

ಗುರುವಾರ ಉರಿ ಸೊರಗಿತು. ಶನಿವಾರ ಚಹಾದ ನೀರು ಕುದಿಯುವ ಮನಸ್ಸೇ ಮಾಡಲಿಲ್ಲ. ಗುಂಡಿ ಕಟ್ಟಿದ ಮೇಸ್ತ್ರಿಯನ್ನು ಜಮಖಂಡಿಯಿಂದ ಕರೆಸಿದೆವು. ಅವನು ಗುಂಡಿಯಿಂದ ಹೊರಬಿದ್ದ ಸಗಣಿ ರಾಡಿಯನ್ನು ಮೂಸಿ ಮುಖ ಸಿಂಡರಿಸಿದ.

“ಅಕ್ಕಾರ, ಹುಳಿ ನಾರಾಕತ್ತೈತಿ. ಏನ್ ಹಾಕೀರಿ?”

“ಪ್ರಸಾದರೀ.”

“ಪ್ರಸಾದದಾಗ ಉಪ್ಪು ಎಷ್ಟಿತ್ತು?”

ಹೇಳಿದೆ. ಅವನು ಹಣೆ ಹಿಡಿದುಕೊಂಡ. ಗ್ಯಾಸು ಹುಟ್ಟಿಸುವುದು ಸಗಣಿಯೊಳಗಿನ, ಕಣ್ಣಿಗೆ ಕಾಣದ ಜೀವಿಗಳಂತೆ.

“ಉಪ್ಪಿನಕಾಯಿಗೆ ಉಪ್ಪ ಯಾಕ ಹಾಕತೀರಿ? ಹುಳ ಆಗಬಾರದಂತ. ಇಲ್ಲಿ ದುಡಿಯೂವು ಹುಳಾನರೀ. ಅವಕ್ಕ ಅದನ್ನ ಉಣಿಸೀರಿ!”

ನಲವತ್ತು ವರ್ಷ ಉಪ್ಪಿನಕಾಯಿ ಹಾಕಿದವಳಿಗೆ ಇದನ್ನು ಗಾರೆ ಕೆಲಸದವನು ಹೇಳಬೇಕಾಯಿತು. ಎಣ್ಣೆಯೂ ತುಸುವೇ ಬಿದ್ದಿದ್ದರೆ ಗ್ಯಾಸು ಹೆಚ್ಚುತ್ತಿತ್ತಂತೆ. ಡಬ್ಬಿಗಟ್ಟಲೆ ಸುರಿದದ್ದಕ್ಕೆ ಒಳಗೆ ಹುಳಿಯೇರಿ, ಆ ಬಡಜೀವಿಗಳ ಮೈಗೆ ಜಿಡ್ಡು ಮೆತ್ತಿ, ಕೆಲಸವೇ ನಿಂತುಬಿಟ್ಟಿತ್ತು.

“ಎಂಟ ದಿನ ಏನೂ ಹಾಕಬ್ಯಾಡ್ರಿ, ಉಪಾಸ ಕೆಡವ್ರಿ. ಆಮ್ಯಾಲ ಬ್ಯಾರೆ ಗುಂಡಿ ರಾಡಿ ತಂದು, ನೀರ ಕೂಡಿಸಿ, ಸ್ವಲ್ಪ ಸ್ವಲ್ಪ ಹಾಕ್ರಿ.”

“ಶ್ರಾವಣದಾಗ ನಾವೂ ಉಪಾಸ, ಅದೂ ಉಪಾಸ. ಛಲೋ ಆತು,” ಎಂದರು ಅತ್ತೆ, ಗುಂಡಿಗೆ ಸುರಿಯುವ ಸಲಹೆ ಯಾರದೆಂಬುದನ್ನು ಮರೆತವರಂತೆ.

ಹರಕೆಗೆ ಎಂಟು ದಿನ ಕಾಯುವ ಪುರುಸೊತ್ತಿರಲಿಲ್ಲ. ಸೋಮವಾರ ಹಿತ್ತಲ ಬಾಗಿಲಲ್ಲಿ ಮೂರು ಕಲ್ಲು ಹೂಡಿ, ಮಳೆಗೆ ನೆಂದ ಹತ್ತಿ ಗಿಡದ ಕಟ್ಟಿಗೆಗೆ ಬೆಂಕಿ ಹಚ್ಚಿದೆ. ಹೊಗೆ ನೇರ ಪಡಸಾಲೆಗೇ ಹೋಗಿ ಪಂಕ್ತಿಯಲ್ಲಿ ಕುಳಿತಿತು. ಹಿರಿಯ ಜಂಗಮರು ಕಣ್ಣೊರೆಸಿಕೊಂಡರು.

“ಏನ್ ಭಕ್ತಿ ತಾಯಿ ನಿಮ್ಮದು! ಕಣ್ಣಾಗ ನೀರ ಬರಾಕತ್ತಾವು.”

ಕೆಮ್ಮುತ್ತಲೇ ನಮಸ್ಕರಿಸಿದೆ. ಐವರೂ ಹೊಟ್ಟೆತುಂಬ ಉಂಡು ಮಗುವನ್ನು ಹರಸಿದರು. ಹರಕೆ ತೀರಿತು. ಆ ಹೊಗೆಯಲ್ಲಿ ಹೋಳಿಗೆಯ ಹೊತ್ತಿದ ಮಗ್ಗುಲು ಯಾರಿಗೂ ಕಾಣಲಿಲ್ಲ. ಶಿವ ಅಷ್ಟು ಕರುಣೆ ತೋರಿದ.