ವಸಂತತ್ತೆ ಹಾಕಿದ ಸುರಂಗ

ನನ್ನ ಅಕ್ಷರ ಸೊಟ್ಟ, ಪದಗಳೂ ಕಡಿಮೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ಸಂಘದ ಕೈಬರಹದ ಪತ್ರಿಕೆ ಓದುವ ಹಿರಿಯರು ಮನ್ನಿಸಬೇಕು.

ನನ್ನ ಸೋದರತ್ತೆ ವಸಂತಾ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾರೆ. ಲ್ಯಾಬು ನಾವಿರುವ ಈ ಬಂಗಾಳಿ ಊರಿನ ಬಾಲಿಗಂಜ್‌ನಲ್ಲಿ, ಶಾಖೆ ಊರಿನ ಇನ್ನೊಂದು ಕಡೆಯ ಬೆಹಾಲಾದಲ್ಲಿ. ಆಗೆಲ್ಲ ವರದಿಗಳು ಬಸ್ಸಿನಲ್ಲಿ ಹೋಗುತ್ತಿದ್ದವು. 2006ರ ಮಳೆಗಾಲದಲ್ಲಿ ಒಂದು ಲಕೋಟೆ ಬಸ್ಸಿನಲ್ಲೇ ಉಳಿದು, ಯಾರೋ ಒಡೆದು ಓದಿ, ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳ ಕಾಯಿಲೆ ಇಡೀ ಪಾಡಾದ, ಎಂದರೆ ಕೇರಿಯ, ಬಾಯಿಗೆ ಬಿತ್ತು. ಅತ್ತೆಗೆ ಎರಡು ದಿನ ಅನ್ನ ಸೇರಲಿಲ್ಲ. ಇನ್ನು ಯಾರ ಗುಟ್ಟೂ ಹೀಗೆ ಬೀದಿಗೆ ಬೀಳಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡರು.

ಇಂಟರ್ನೆಟ್ಟಿನೊಳಗೇ ಎರಡೂ ಕಡೆಗಳ ನಡುವೆ, ವರದಿಗಳು ಗುಟ್ಟಿನ ಲಿಪಿಯಲ್ಲಿ ಸಾಗುವಂಥ ಒಂದು ಸುರಂಗ ಹಾಕಿದರೆ ಹೊರಗಿನವರು ಏನನ್ನೂ ಓದಲಾರರು. ಲ್ಯಾಬಿನ ಯಜಮಾನರಾದ ಡಾಕ್ಟರ್ ಸನ್ಯಾಲ್‌ಗೆ ಅದಕ್ಕೆಂದೇ ದೊಡ್ಡ ಕಂಪನಿ ಮಾರುವ ಪೆಟ್ಟಿಗೆಯಂಥ ಯಂತ್ರ ಬೇಕಿತ್ತು. ಅತ್ತೆಗೆ ಬೇಕಾದದ್ದು, ಒಳಗೇನಿದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದಾದ ಬಿಟ್ಟಿ ಸಾಫ್ಟ್‌ವೇರ್.

"ವಸಂತಾದಿ, ಬಿಟ್ಟಿ ಸಿಕ್ಕಿದ ಬೀಗಾನ ಯಾರಾದ್ರೂ ಬಾಗಿಲಿಗೆ ಹಾಕ್ತಾರಾ?" ಎಂದು ಡಾಕ್ಟರು, ಅಕ್ಕ ಎಂಬಂತೆ ಹೆಸರಿಗೆ 'ದಿ' ಸೇರಿಸಿ, ತಮ್ಮ ಹಿಂದಿಯಲ್ಲಿ ಕೆಣಕಿದರು. ಮಹಾಲಯ ಅಮಾವಾಸ್ಯೆಯೊಳಗೆ ನಡೆಸಿ ತೋರಿಸದಿದ್ದರೆ ಪೆಟ್ಟಿಗೆಯೇ ಗಟ್ಟಿ ಎಂದರು.

ಅತ್ತೆ ಅಂಥ ಎರಡು ಸಾಫ್ಟ್‌ವೇರ್ ಇಳಿಸಿಕೊಂಡರು. ಬೆಹಾಲಾದಲ್ಲಿ ಕರೆಂಟು ಹೋಗುವುದು ದಿನದ ಮಾತು. ಆದ್ದರಿಂದ ಒಂದೊಂದನ್ನೂ ಇಪ್ಪತ್ತು ಸಲ ಪ್ಲಗ್ ಕಿತ್ತು, ಮತ್ತೆ ಸಿಕ್ಕಿಸಿ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಮೊದಲನೆಯದನ್ನು ಹಲವು ಸಲ ಕೈಯಾರೆ ಎಬ್ಬಿಸಬೇಕಾಯಿತು. ಎರಡನೆಯದಾದ ಓಪನ್‌ವಿಪಿಎನ್ ಇಪ್ಪತ್ತು ಸಲವೂ ತಾನಾಗಿಯೇ ಎದ್ದಿತು. ಅದನ್ನೇ ಆರಿಸಿದರು.

ಮಹಾಲಯದ ದಿನ ಡಾಕ್ಟರು ನೋಡಲು ಬಂದರು. ಸುರಂಗವೇನೋ ಎದ್ದಿತ್ತು, ವರದಿ ಮಾತ್ರ ದಾಟಲಿಲ್ಲ. ಡಾಕ್ಟರು ನಕ್ಕರು.

ಅತ್ತೆ ನೋಟ್‌ಬುಕ್ಕಿನ ಹಳೆಯ ಪುಟಗಳನ್ನು ತಿರುವಿದರು. ನಾಲ್ಕು ವರ್ಷದ ಹಿಂದೆ ಒಂದೇ ಪುಟ ನೋಡಿಕೊಂಡು ಎರಡೂ ಕಡೆಯ ಯಂತ್ರಗಳಿಗೆ ಅವವೇ ವಿಳಾಸದ ಸಂಖ್ಯೆಗಳನ್ನು ಕೊಟ್ಟಿದ್ದರು. ಎರಡು ಬೀದಿಗೂ ಒಂದೇ ಹೆಸರು, ಮನೆಗಳಿಗೂ ಅವೇ ನಂಬರು. ಅಂಚೆಯವನು ಎಲ್ಲಿಗೆ ಹೋಗಬೇಕು? ತಪ್ಪನ್ನು ಸಾಫ್ಟ್‌ವೇರಿನ ಮೇಲೆ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಬೀಗ ಸರಿಯಾಗೇ ಇದೆ ಸರ್, ತಪ್ಪು ನಂದು," ಎಂದರು ಅತ್ತೆ. "ಒಂದು ದಿನ ಕೊಡಿ."

ಡಾಕ್ಟರು ಅವರ ಮುಖವನ್ನೇ ನೋಡಿ ಒಪ್ಪಿದರು. ಬೆಹಾಲಾದ ಹನ್ನೊಂದು ಯಂತ್ರಗಳಿಗೆ ಅತ್ತೆ ಹೊಸ ಸಂಖ್ಯೆ ಕೊಟ್ಟರು. ಮರುದಿನ ಮಧ್ಯಾಹ್ನ ಬಾಲಿಗಂಜ್‌ನ ವರದಿ ಬೆಹಾಲಾದ ಪರದೆಯ ಮೇಲೆ ಮೂಡಿತು. ಡಾಕ್ಟರು ತಾವೇ ಪ್ಲಗ್ ಕಿತ್ತರು, ಮತ್ತೆ ಹಾಕಿದರು, ಕಾದರು. ಸುರಂಗ ತಾನಾಗಿಯೇ ಎದ್ದಿತು. ಅಂದಿನಿಂದ ವರದಿಗಳು ಬಸ್ಸು ಹತ್ತಿಲ್ಲ.

ಅತ್ತೆಯ ಹಳೆಯ ಪುಟಕ್ಕೆ ಅಡ್ಡಗೆರೆ ಬಿದ್ದಿದೆ. ಮತ್ತೆ ಯಾರೂ ಒಂದೇ ಪುಟ ನೋಡಿ ಎರಡೂ ಕಡೆಗೆ ಬರೆಯದಿರಲೆಂದು, ನಾಳೆ ನಾನು ಅತ್ತೆಗಾಗಿ ಹೊಸ ಸಂಖ್ಯೆಗಳನ್ನು ಬಾಲಿಗಂಜ್‌ಗೆ ಒಂದು, ಬೆಹಾಲಾಕ್ಕೆ ಒಂದು, ಹೀಗೆ ಎರಡು ಬೇರೆ ಹಾಳೆಗಳಲ್ಲಿ ನಕಲು ಮಾಡುತ್ತೇನೆ.