ಗಿರಿಜಾಂಬಾ ಹಿಡಿಯದ ವ್ರತ

ಲಕ್ಷ್ಮೀಪುರಂನ ಆ ವಠಾರದಲ್ಲಿ ಗಿರಿಜಾಂಬಾ ಎಂದರೆ ದೊಡ್ಡ ಭಕ್ತೆ ಎಂದೇ ಹೆಸರು. ಹೊತ್ತು ಹೊತ್ತಿಗೆ ತಣ್ಣೀರಿನ ಸ್ನಾನ, ಬರಿಯ ನೆಲದ ಮೇಲೆ ನಿದ್ದೆ, ಬಾಯಿಗೆ ಗುಟುಕು ನೀರಿಲ್ಲ, ಮನೆಯಲ್ಲಿ ಸದಾ ಸಾಂಬ್ರಾಣಿಯ ಹೊಗೆ. ಜನಕ್ಕೆ ಇಷ್ಟು ಸಾಕಾಯಿತು. ಯಾಕಮ್ಮ ಹೀಗೆ ಎಂದು ಒಬ್ಬರಾದರೂ ನೆಟ್ಟಗೆ ಕೇಳಿದ್ದರೆ ಆ ಹೆಣ್ಣಿನ ಪ್ರಾಯದ ವರ್ಷಗಳು ಉಳಿಯುತ್ತಿದ್ದವು. ಯಾರೂ ಕೇಳಲಿಲ್ಲ. ನಮ್ಮ ಜನಕ್ಕೆ ಕೈ ಮುಗಿಯುವುದು ಸುಲಭ, ಕೇಳುವುದು ಕಷ್ಟ.

ನಡೆದದ್ದು ಇಷ್ಟು. ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ಅವಳು ಸಂತೇಪೇಟೆಯ ಊದುಬತ್ತಿ ಅಂಗಡಿಯ ವೃಷಭೇಂದ್ರಪ್ಪನ ಕೈ ಹಿಡಿದು ಆ ಮನೆಗೆ ಬಂದಳು. ಗಂಡ ಹೆಂಡತಿ ಚೆನ್ನಾಗಿದ್ದರು. ಅವನು ಅಂಗಡಿ ಬಾಗಿಲು ಹಾಕಿ ಬರುವಾಗ ಒಂದು ಮೊಳ ಮಲ್ಲಿಗೆ ತಂದು, ತಾಯಿ ಪಾರ್ವತಮ್ಮನ ಕಣ್ಣಿಗೆ ಬೀಳದ ಹಾಗೆ ಬಚ್ಚಲ ಹಂಡೆಯ ಹಿಂದೆ ಇಡುತ್ತಿದ್ದ. ಕೈಕಾಲು ತೊಳೆಯುವ ನೆಪದಲ್ಲಿ ಅವಳು ಹೋಗಿ ತೆಗೆದುಕೊಳ್ಳುತ್ತಿದ್ದಳು.

ಮೊದಲ ಹೆರಿಗೆಗೆ ನಂಜನಗೂಡಿನಾಚೆಯ ತವರಿಗೆ ಹೋದಳು. ನೋವು ಶುರುವಾಗಿ ಹಗಲು ರಾತ್ರಿ ಕಳೆದರೂ ಮಗು ಕೆಳಗಿಳಿಯಲಿಲ್ಲ. ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗೋಣವೆಂದರೆ ಹಿರಿಯರು "ಇನ್ನೇನು ಆಗೋಯ್ತದೆ" ಎನ್ನುತ್ತಲೇ ಕೂತರು. ಕೊನೆಗೆ ಬಂದದ್ದು ಉಸಿರಿಲ್ಲದ ಕೂಸು. ಆ ದುಃಖ ಆರುವ ಮೊದಲೇ ಅವಳಿಗೆ ಇನ್ನೊಂದು ಗೊತ್ತಾಯಿತು. ಮೂತ್ರ ನಿಲ್ಲುತ್ತಿರಲಿಲ್ಲ. ಕೆಮ್ಮಿದಾಗ, ಸೀನಿದಾಗ ಎಂದಲ್ಲ. ಸುಮ್ಮನೆ ಕೂತಿದ್ದರೂ ತೊಟ್ಟುತೊಟ್ಟಾಗಿ ಇಳಿಯುತ್ತಲೇ ಇರುತ್ತಿತ್ತು.

"ಬಾಣಂತಿ ಮೈ ಕಣವ್ವ, ಗಟ್ಟಿಯಾದ್ರೆ ಸರಿಹೋಯ್ತದೆ. ಗಂಡನ ಮನೇಲಿ ಮಾತ್ರ ಬಾಯಿ ಬುಡಬ್ಯಾಡ" ಎಂದು ತಾಯಿ ಹೇಳಿ ಕಳಿಸಿದಳು.

ಮೈ ಗಟ್ಟಿಯಾಯಿತು, ಸೋರುವುದು ನಿಲ್ಲಲಿಲ್ಲ. ಗಿರಿಜಾಂಬಾ ಹಳೆಯ ಸೀರೆ ಹರಿದು ಮಡಿಸಿ ಕಟ್ಟಿಕೊಂಡಳು. ವಠಾರಕ್ಕೆಲ್ಲ ಒಂದೇ ನಲ್ಲಿ, ಒಂದೇ ಒಗೆಯುವ ಕಲ್ಲು. ಆ ಬಟ್ಟೆಗಳನ್ನು ಕತ್ತಲೆ ಹರಿಯುವ ಮೊದಲೇ ಒಗೆದು, ಹಗ್ಗದ ಮೇಲೆ ಸೀರೆಯ ಮರೆಯಲ್ಲಿ ಒಣಗಿಸಿದಳು. ವಾಸನೆ ಬರಬಾರದೆಂದು ಮತ್ತೆ ಮತ್ತೆ ಸ್ನಾನ, ಸೌದೆ ಮುಗಿಸುತ್ತಾಳೆಂದು ಅತ್ತೆ ಗೊಣಗಬಾರದೆಂದು ತಣ್ಣೀರು, ಹಾಸಿಗೆ ನೆನೆಯಬಾರದೆಂದು ಬರಿ ನೆಲ. ಕುಡಿದರೆ ತಾನೇ ಇಳಿಯುವುದು ಎಂದು ನೀರನ್ನೇ ಬಿಟ್ಟಳು. ಅದರಿಂದ ಉರಿ ಹೆಚ್ಚಿತೇ ಹೊರತು ಬೇರೇನೂ ಆಗಲಿಲ್ಲ. ತೊಡೆಸಂದು ಹುಣ್ಣಾಗಿ, ನಡೆದರೆ ಪ್ರಾಣ ಹೋಗುತ್ತಿತ್ತು.

ಅದನ್ನೆಲ್ಲ ಹಲ್ಲು ಕಚ್ಚಿ ಸಹಿಸಿದಳು. ಸಹಿಸಲಾಗದ್ದು ಒಂದೇ. ಅವಳಿಗೆ ಗಂಡನ ಪಕ್ಕದಲ್ಲಿ ಮಲಗಬೇಕೆನ್ನಿಸುತ್ತಿತ್ತು. ಆಸೆ ಇರಲಿಲ್ಲವೆಂದು ಯಾರೂ ತಿಳಿಯಬಾರದು, ಬೇಕಾದಷ್ಟಿತ್ತು. ಆದರೆ ಅವನು ಕೈ ಚಾಚಿದರೆ ಮೈಯನ್ನೆಲ್ಲ ಹಿಡಿ ಮಾಡಿಕೊಂಡು ಗೋಡೆಗೆ ಸರಿಯುತ್ತಿದ್ದಳು. "ಯಾಕೆ ಗಿರಿಜಾ, ನನ್ನ ಮೇಲೆ ಸಿಟ್ಟಾ?" ಎಂದು ಅವನು ಕೇಳಿದ ದಿನ ಅವಳ ಬಾಯಿಗೆ ಬಂದದ್ದು ಒಂದು ಸುಳ್ಳು.

"ವ್ರತ ಹಿಡ್ದಿದೀನಿ."

ಬೇರೆ ಗಂಡಸಾಗಿದ್ದರೆ ಯಾವ ವ್ರತ, ಎಲ್ಲಿಯವರೆಗೆ ಎಂದು ಜಗಳ ತೆಗೆಯುತ್ತಿದ್ದ. ತೆಗೆದಿದ್ದರೆ ಎಷ್ಟೋ ವಾಸಿಯಿತ್ತು. ವೃಷಭೇಂದ್ರಪ್ಪ ಮಠದಲ್ಲಿ ಉಂಡು ಓದಿದ ಸಾಧು ಮನುಷ್ಯ. ವ್ರತ ಎಂದ ಕೂಡಲೇ ಕೈ ಹಿಂದಕ್ಕೆ ತೆಗೆದುಕೊಂಡ, ಹಾಸಿಗೆ ಸುತ್ತಿಕೊಂಡು ಜಗಲಿಗೆ ಹೋದ. ಹಂಡೆಯ ಹಿಂದಿನ ಮಲ್ಲಿಗೆಯೂ ನಿಂತುಹೋಯಿತು.

ಪಕ್ಕದ ಮನೆಯ ಪುಟ್ಟತಾಯಮ್ಮ ಇಡೀ ವಠಾರದ ಬಾಯಿ. "ಮಗೀಗೋಸ್ಕರ ವ್ರತ ಹಿಡ್ದವ್ರೆ ಕಣ್ರವ್ವ, ಹೊತ್ತೊತ್ತಿಗೂ ಒಂದೊಂದು ಸ್ನಾನ" ಎಂದು ಸುದ್ದಿ ಹಬ್ಬಿಸಿದಳು. ಗಂಡನನ್ನು ಜಗಲಿಗೆ ಅಟ್ಟಿ ಮಗು ಬೇಡುವ ವ್ರತ ಯಾವುದಪ್ಪಾ ಎಂದು ಒಬ್ಬರ ತಲೆಗೂ ಹೊಳೆಯಲಿಲ್ಲ. ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಬಂದು, ಅವಳ ಕೈಯಿಂದ ವಿಭೂತಿ ಹಚ್ಚಿಸಿಕೊಂಡು ಹೋಗತೊಡಗಿದರು. ಬೇಡವೆಂದರೆ ವಿನಯ ನೋಡಿ ಎಂದರು. ಸತ್ತ ಕೂಸಿನ ವಿಷಯಕ್ಕೆ ಸೊಸೆಯನ್ನು ಕುಟುಕುತ್ತಿದ್ದ ಪಾರ್ವತಮ್ಮ ಈಗ ಬಂದವರಿಗೆಲ್ಲ ಚಾಪೆ ಹಾಸತೊಡಗಿದಳು. ಸೋಮವಾರ ಸಂಜೆ ಸೊಸೆ ಲಿಂಗಪೂಜೆಗೆ ಕೂತರೆ ಎದುರಿಗೆ ಹೆಂಗಸರ ಸಾಲು. ಗಿರಿಜಾಂಬಾಗೆ ಇವರೆಲ್ಲರನ್ನೂ ಹೊರಗಟ್ಟಿ ಬಾಗಿಲು ಹಾಕಿಕೊಳ್ಳಬೇಕೆನ್ನಿಸುತ್ತಿತ್ತು. ಕರಿಯ ಕಂಬಳಿ ಹಾಸಿಕೊಂಡು ಕೂರುತ್ತಿದ್ದಳು. ಕರಿಯದರಲ್ಲಿ ಒದ್ದೆ ಕಾಣುವುದಿಲ್ಲ.

ಹೀಗೆಯೇ ವರ್ಷಗಳು ಹೋದವು. ಒಂದು ಕಾರ್ತಿಕ ಸೋಮವಾರ ಪಾರ್ವತಮ್ಮ ಕಂಬಳಿ ತೆಗೆದು ಮಣೆಯ ಮೇಲೆ ಬಿಳಿಯ ಮಡಿಪಂಚೆ ಹಾಸಿದಳು.

"ಕಂಬಳಿನೇ ಸಾಕು ಅತ್ತೆ."

"ಇಷ್ಟು ಜನ ಬಂದವ್ರೆ. ಇವತ್ತೊಂದಿನ ಬೆಳ್ಳಗಿರೋದು ಇರ್ಲಿ."

ಎಲ್ಲರ ಎದುರಿಗೆ ವಾದ ಮಾಡಲಾಗದೆ ಕೂತಳು. ಎಡಗೈಯಲ್ಲಿ ಲಿಂಗ, ಮೇಲಿಂದ ನೀರಿನ ಸಣ್ಣ ಧಾರೆ. ಆವತ್ತು ಹೆಂಗಸರು ಭಜನೆಯನ್ನು ನಿಲ್ಲಿಸಲೇ ಇಲ್ಲ, ಒಂದು ಮುಗಿದರೆ ಇನ್ನೊಂದು. ಎದ್ದಾಗ ಪಂಚೆ ನೆನೆದು ಮಣೆಯ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ವಠಾರದ ಹಿರಿಯಳು, ಮಂದಗಣ್ಣಿನ ದೇವಿರಮ್ಮ, ಮುಂದೆಯೇ ಕೂತಿದ್ದಳು.

"ತೀರ್ಥ ಚೆಲ್ಲೋಗ್ಯದೆ, ತುಳ್ದೀರಿ ಕಣ್ರವ್ವ" ಎಂದು ಬಗ್ಗಿ, ಬೆರಳು ಅದ್ದಿ, ಕಣ್ಣಿಗೆ ಒತ್ತಿಕೊಂಡು ಬಾಯಿಯ ಹತ್ತಿರ ತಂದಳು.

ಗಿರಿಜಾಂಬಾ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ ಕಣಜ್ಜಿ. ಅದು ತೀರ್ಥ ಅಲ್ಲ, ನನ್ನ ಉಚ್ಚೆ."

ಭಜನೆಯ ತಾಳ ನಿಂತಿತು. ಒಮ್ಮೆ ಬಾಯಿ ಬಿಟ್ಟ ಮೇಲೆ ಅವಳು ಮುಚ್ಚಲಿಲ್ಲ. "ಯಾವ ವ್ರತಾನೂ ಇಲ್ಲ. ಹೆರಿಗೆ ಆದಾಗಿನಿಂದ ನನಗೆ ನಿಲ್ತಾ ಇಲ್ಲ. ಸ್ನಾನ ಅದಕ್ಕೇ, ಸಾಂಬ್ರಾಣಿ ಅದಕ್ಕೇ, ನೆಲದ ಮೇಲೆ ಮಲಗೋದೂ ಅದಕ್ಕೇ."

ಹೆಂಗಸರು ತಟ್ಟೆ ಎತ್ತಿಕೊಂಡು ಒಬ್ಬೊಬ್ಬರಾಗಿ ಜಾರಿಕೊಂಡರು. ಮಾರನೆಯ ದಿನದಿಂದಲೇ ಅವಳು ಮುಟ್ಟಿದ ನಲ್ಲಿಯನ್ನು ತೊಳೆದು ನೀರು ಹಿಡಿಯತೊಡಗಿದರು. ಮೊನ್ನೆಯವರೆಗೆ ಕಾಲಿಗೆ ಬೀಳುತ್ತಿದ್ದವರೇ ಇವರು. ಆ ಸಂಜೆ ಉಳಿದವಳು ದೇವಿರಮ್ಮ ಒಬ್ಬಳು. ಸೆರಗಿಗೆ ಬೆರಳು ಒರೆಸಿಕೊಂಡು, "ನಮ್ಮೂರಲ್ಲಿ ಇಂಥೋರ್ನ ಇಬ್ರ ನೋಡಿವ್ನಿ. ಒಬ್ಳು ಬಾವಿಗೆ ಬಿದ್ಲು. ಇನ್ನೊಬ್ಳು ಆಸ್ಪತ್ರೆಗೋಗಿ ವಾಸಿ ಮಾಡ್ಕಂಡು ಬಂದ್ಲು. ನೀನು ಆಸ್ಪತ್ರೆಗೋಗು ಕಣವ್ವ" ಎಂದಳು.

ಜಗಲಿಯಲ್ಲಿದ್ದ ವೃಷಭೇಂದ್ರಪ್ಪನಿಗೆ ಎಲ್ಲವೂ ಕೇಳಿಸಿತ್ತು. ಬೆಳಿಗ್ಗೆಯೇ ಜಟಕಾ ತಂದು ನಿಲ್ಲಿಸಿದ. ಅವಳನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಹೋದ.

ಲೇಡಿ ಡಾಕ್ಟರು ನೋಡಿ ಬೈದರು. ಹೆರಿಗೆಯಲ್ಲಿ ಮಗುವಿನ ತಲೆ ಬಹಳ ಹೊತ್ತು ಒತ್ತಿ ಮೂತ್ರಕೋಶಕ್ಕೂ ಹೆರಿಗೆಯ ದಾರಿಗೂ ನಡುವೆ ತೂತು ಬಿದ್ದಿದೆ, ಹೊಲಿದರೆ ಮುಚ್ಚುತ್ತದೆ, ಇಷ್ಟು ವರ್ಷ ಯಾಕೆ ಕೊಳೆಸಿಕೊಂಡೆ ಎಂದರು. ಮೊದಲು ಚೆನ್ನಾಗಿ ನೀರು ಕುಡಿ ಎಂದರು. ಆಪರೇಷನ್ ಆಯಿತು. ಮೂತ್ರಕ್ಕೆಂದು ಹಾಕಿದ್ದ ನಳಿಗೆ ತೆಗೆದ ಮೇಲೆ, ಒದ್ದೆಯಾಗದ ಹಾಸಿಗೆಯಲ್ಲಿ ಎಚ್ಚರವಾದ ಬೆಳಿಗ್ಗೆ, ಗಿರಿಜಾಂಬಾ ಕೈಯಿಂದ ಹಾಸಿಗೆಯನ್ನು ಸವರಿ ಸವರಿ ನೋಡಿದಳು.

ಮನೆಗೆ ಕಳಿಸುವ ದಿನ ಡಾಕ್ಟರು ವೃಷಭೇಂದ್ರಪ್ಪನನ್ನು ಮಾತ್ರ ಒಳಗೆ ಕರೆದು ಏನೋ ಹೇಳಿದರು. ಮೈ ಅವಳದು, ಮಾತು ಅವನಿಗೆ. ಹೊರಗೆ ಬಂದವನು "ಭಾರ ಎತ್ತಬಾರದಂತೆ" ಎಂದಷ್ಟೇ ಹೇಳಿದ.

ವಠಾರಕ್ಕೆ ಬಂದರೆ ಪುಟ್ಟತಾಯಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. "ನೋಡ್ದ್ರಾ, ವ್ರತ ಫಲಿಸ್ತು."

"ಹೊಲಿಗೆ ಹಾಕಿದ್ದು ಡಾಕ್ಟರಮ್ಮ ಕಣ್ರೀ."

"ಹಾಕ್ಸಿದ್ದು ಯಾರು ಮತ್ತೆ?"

ಗಿರಿಜಾಂಬಾಗೆ ಕೈಯಲ್ಲಿದ್ದ ಚೊಂಬನ್ನು ಎತ್ತಿ ಎಸೆಯಬೇಕೆನ್ನಿಸಿತು. ಇಂಥವರಿಗೆ ಯಾವ ಭಾಷೆಯಲ್ಲಿ ಹೇಳಬೇಕು?

ಅದಕ್ಕಿಂತ ದೊಡ್ಡ ಸಂಕಟ ಮನೆಯೊಳಗಿತ್ತು. ಮೈ ಒಣಗಿದೆ, ಹುಣ್ಣು ಮಾಯ್ದಿದೆ, ಗಂಡ ಮಾತ್ರ ಇನ್ನೂ ಜಗಲಿಯಲ್ಲೇ. ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಅವನಿಗೆ ತನ್ನನ್ನು ಕಂಡರೆ ಹೇಸಿಗೆ ಎಂದು ಅವಳು ಗಟ್ಟಿ ಮಾಡಿಕೊಂಡಳು. ಒಂದು ಭಾನುವಾರ ಮಧ್ಯಾಹ್ನ, ಅವನು ಜಗಲಿಯಲ್ಲಿ ಊದುಬತ್ತಿ ಕಟ್ಟು ಕಟ್ಟುತ್ತಾ ಕೂತಿದ್ದಾಗ, ಎದುರಿಗೆ ಹೋಗಿ ನಿಂತೇಬಿಟ್ಟಳು.

"ರೀ, ನನ್ನ ಕಂಡ್ರೆ ಹೇಸಿಗೆನಾ ನಿಮಗೆ?"

ಅವನು ದಾರ ಬಿಟ್ಟುಬಿಟ್ಟ. "ಛೆ, ಯಾರು ಹೇಳಿದ್ರು?"

"ಮತ್ತೆ ಇಲ್ಲೇ ಯಾಕೆ ಬಿದ್ಕೊಂಡಿದೀರಿ?"

"ಡಾಕ್ಟರಮ್ಮ ಮೂರು ತಿಂಗಳು ಬೇಡ ಅಂದ್ರು. ಆಮೇಲೆ ಮೊದಲಿನ ಥರಾನೇ ಇರಬಹುದಂತೆ. ನೋವಾದ್ರೆ ನಿಲ್ಲಿಸ್ಬೇಕು, ಅವಳನ್ನೇ ಕೇಳ್ಕೊಳ್ಳಿ ಅಂದ್ರು."

"ಮೂರು ತಿಂಗಳು ಯಾವತ್ತೋ ಕಳೀತು. ಕೇಳಿದ್ರಾ?"

"ಹೆಂಗೆ ಕೇಳ್ಲಿ?" ಅವನು ತಲೆ ಎತ್ತಲಿಲ್ಲ. "ಆವತ್ತು ನೀನು ವ್ರತ ಅಂದೆ, ಏನೂ ಕೇಳದೆ ಎದ್ದು ಬಂದುಬಿಟ್ಟೆ. ನೀನು ಒಳಗೆ ನರಳ್ತಿದ್ದೆ, ನಾನು ಇಲ್ಲಿ ನಿದ್ದೆ ಮಾಡ್ತಿದ್ದೆ. ಈಗ ಯಾವ ಮುಖ ಇಟ್ಕೊಂಡು ಕೇಳೋದು? ನೀನೇ ಕರೀತೀಯ ಅಂತ ಕಾಯ್ತಿದ್ದೆ."

"ಡಾಕ್ಟರು ಹೇಳಿದ್ದು ನಿಮಗೆ. ಬರಬಹುದು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬಾಯಿ ಬಿಡಬೇಡ ಎಂದ ತಾಯಿಯ ಮೇಲೆ, ತನ್ನ ಮೈಯ ವಿಷಯವನ್ನು ತನಗೇ ಹೇಳದ ಡಾಕ್ಟರ ಮೇಲೆ, ಈ ಸಾಧು ಮನುಷ್ಯನ ಮೇಲೆ, ಒಂದು ಸುಳ್ಳು ಹೇಳಿ ಅದರೊಳಗೇ ವರ್ಷಗಟ್ಟಲೆ ಕೂತ ತನ್ನ ಮೇಲೆ. ಜಗಲಿಯ ಮೂಲೆಯಲ್ಲಿದ್ದ ಅವನ ಹಾಸಿಗೆಯ ಸುರುಳಿಯನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. ಭಾರ ಎತ್ತಬಾರದು ಎಂದು ಅವನು ಎದ್ದು ಬಂದರೆ "ಸುಮ್ನಿರಿ" ಎಂದಳು.

ನಲ್ಲಿಯ ಹತ್ತಿರ ಪುಟ್ಟತಾಯಮ್ಮನ ದಂಡೇ ನಿಂತಿತ್ತು. ಬಾಗಿಲಲ್ಲಿ ಪಾರ್ವತಮ್ಮ ಅಕ್ಕಿ ಆರಿಸುತ್ತಿದ್ದಳು.

"ಏನ್ ಗಿರಿಜಮ್ಮಾರೇ, ಹಗಲೊತ್ನಲ್ಲೇ ಹಾಸಿಗೆ ಹೊತ್ಕಂಡು?" ಎಂದಳು ಪುಟ್ಟತಾಯಮ್ಮ.

"ವ್ರತ ಬಿಟ್ಟುಬಿಟ್ಟೆ ಕಣ್ರೀ."

"ಅಯ್, ಹಂಗೇ ಬುಟ್ರೆ ಆಯ್ತದಾ? ಉದ್ಯಾಪನೆ ಮಾಡ್ಬೇಡ್ವಾ?"

"ಮಾಡೋಕೇ ಹೊತ್ಕೊಂಡು ಹೋಗ್ತಿರೋದು" ಎಂದು ಗಿರಿಜಾಂಬಾ ಅತ್ತೆಯನ್ನು ದಾಟಿ ಒಳಗೆ ಹೋದಳು.

ಸಂಜೆ ಹಂಡೆಯ ಹಿಂದೆ ಮಲ್ಲಿಗೆ ಇತ್ತು. ಅವಳು ಅದನ್ನು ನಡುಮನೆಗೆ ತಂದು, ಅತ್ತೆಯ ಎದುರಿಗೆ ಕೂತು ಮುಡಿದುಕೊಂಡಳು.