ಚೀನಾದ ಗದ್ದೆ, ನನ್ನ ಮಂಡಿ

ನನ್ನ ಮಂಡಿ ವಾಸಿಯಾದದ್ದು ದೀಪಾವಳಿಗೆ ಮೊದಲು. ಮನೆಯವರಿಗೆ ಅದು ಗೊತ್ತಾದದ್ದು ರಾಗಿ ಕೊಯ್ಲಿನ ಕೊನೆಯ ದಿನ. ಈ ನಡುವೆ ನಾನು ಮಾಡಿದ್ದನ್ನು ಬರೆದುಬಿಡುತ್ತೇನೆ. ಬಾಯಲ್ಲಿ ಹೇಳಲು ಹೋದರೆ ನಮ್ಮೂರಿನವರು ಅರ್ಧ ಕೇಳುತ್ತಾರೆ, ಉಳಿದರ್ಧವನ್ನು ತಾವೇ ಕಟ್ಟುತ್ತಾರೆ. ನಿಜವಾದ ಅರ್ಧವೇ ಸಾಕಷ್ಟು ಕೆಟ್ಟದಾಗಿದೆ.

ನಾನು ಹೊಳೆನರಸೀಪುರ ತಾಲ್ಲೂಕಿನವನು, ಹಳೇಕೋಟೆ ಕಡೆಯ ಹಳ್ಳಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಬೇಸಾಯಕ್ಕೇ ನಿಂತವನು. ಮಗನಿಗೆ ಪೇಟೆಯಲ್ಲಿ ಗೊಬ್ಬರದ ಅಂಗಡಿ, ಸೊಸೆ ಅಂಗನವಾಡಿ ಟೀಚರ್. ಇಬ್ಬರೂ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಹೊಲ ನೋಡಿಕೊಳ್ಳುವವರು ನಾನು ಮತ್ತು ನನ್ನ ಹೆಂಡತಿ. ಬರೆಯುವಾಗ 'ನಾನು' ಮೊದಲು ಬಂತು. ಅದು ಅಭ್ಯಾಸಬಲ.

ಮಳೆಗಾಲದಲ್ಲಿ ತಿಪ್ಪೆಯ ಮೇಲೆ ಜಾರಿ ಬಿದ್ದೆ. ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದಾಗ "ಹೊಲದಲ್ಲಿ ಕೆಲ್ಸ ಮಾಡ್ತಿದ್ದೆ ಸಾ" ಎಂದೆ. ಪಕ್ಕದಲ್ಲಿದ್ದ ಹೆಂಡತಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮಂಡಿಚಿಪ್ಪು ಬಿರುಕು ಬಿಟ್ಟಿತ್ತು. ಕಟ್ಟು ಹಾಕಿ ಕೆಲವು ದಿನ ಅಲ್ಲೇ ಮಲಗಿಸಿಕೊಂಡರು.

ಪಕ್ಕದ ಮಂಚದಲ್ಲಿದ್ದವರು ಕೊಣನೂರು ಕಡೆಯವರು, ರಿಟೈರಾದ ಬಸ್ ಕಂಡಕ್ಟರ್. ಅವರದು ಸೊಂಟ. ಮಲಗಿದಲ್ಲೇ ಬೆಳಗಿನಿಂದ ಸಂಜೆಯವರೆಗೆ ಫೋನನ್ನು ಬೆರಳಿನಿಂದ ಒತ್ತುತ್ತಲೇ ಇರುತ್ತಿದ್ದರು. ತಡೆಯಲಾರದೆ ಕೇಳಿದೆ.

"ಏನ್ ಸಾ, ಆಗ್ಲಿಂದ ಒತ್ತುತಾನೇ ಇದೀರಿ?"

"ಬ್ಯಾಸಾಯ" ಎಂದರು, ತಲೆಯೆತ್ತದೆ.

"ಫೋನಲ್ಲಾ?"

"ಚೀನಾದಲ್ಲಿ. ಅರಕಲಗೂಡು ತಾಲ್ಲೂಕಲ್ಲಿ ನಂಗೆ ಒಂದು ಗುಂಟೆನೂ ಇಲ್ಲ ಸಾ. ಇಲ್ಲಿ ನೋಡಿ, ಮೂರು ಗದ್ದೆ, ಒಂದು ಎಮ್ಮೆ, ಬಾತುಕೋಳಿ ಬ್ಯಾರೆ."

ನೋಡಿದೆ. ಬೆಟ್ಟದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ಮೂಲೆಗಳು ಮೇಲಕ್ಕೆ ಬಾಗಿದ ಹೆಂಚಿನ ಮನೆಗಳು, ಬಾಗಿಲಿಗೆ ಕೆಂಪು ಕಾಗದದ ಬುಟ್ಟಿದೀಪ. ಬಿದಿರುಮೆಳೆ, ತೊರೆ, ತೊರೆಯ ನೀರಿಗೆ ತಾನೇ ತಿರುಗುವ ಚಕ್ರ. ಎಲ್ಲೋ ಯಾರೋ ಕೊಳಲು ಊದುತ್ತಿದ್ದರು. ಹಳೇ ಕಾಲದ ಚೀನೀ ಹಳ್ಳಿಯಂತೆ. ಅದೊಂದು ಆಟ, ಅಲ್ಲಿ ನಾವು ರೈತರು. ಬೆರಳಲ್ಲಿ ಒತ್ತಿದರೆ ಉಳುಮೆ, ಎಳೆದರೆ ನಾಟಿ.

ಆವತ್ತೇ ನನ್ನ ಫೋನಿಗೂ ಹಾಕಿಕೊಟ್ಟರು. ನಾನು ನೇರವಾಗಿ ಭತ್ತಕ್ಕೆ ಕೈಹಾಕಿದೆ. ಅವರು ತಡೆದರು.

"ಭತ್ತ ಈಗ್ಲೇ ಬ್ಯಾಡಿ ಸಾ. ನಿಮಗಿನ್ನೂ ಗೊತ್ತಾಗಲ್ಲ. ಮೊದ್ಲು ಎಲೆಕೋಸು ಆಕಿ, ಕೈ ಕುದುರ್ಲಿ."

ಮೀಸೆ ಮೂಡುವ ಮೊದಲೇ ಭತ್ತದ ಕೆಸರಿಗಿಳಿದಿದ್ದ ನಾನು, ಟಿಕೆಟ್ ಹರಿದುಕೊಂಡು ಬದುಕಿದವರ ಮಾತು ಕೇಳಿ ಎಲೆಕೋಸು ಹಾಕಿದೆ. ಚೆನ್ನಾಗಿ ಬಂತು.

ಮನೆಗೆ ಬಂದ ಮೇಲೂ ಆ ಊರು ಬಿಡಲಿಲ್ಲ. ಅಲ್ಲಿ ಮಳೆ ಬೇಕಾದಾಗ ಬರುತ್ತಿತ್ತು, ಸಾಕೆಂದಾಗ ನಿಲ್ಲುತ್ತಿತ್ತು. ಹಂದಿ ಬರುತ್ತಿರಲಿಲ್ಲ, ಇಲಿ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ಸುಖವೆಂದರೆ ನನ್ನ ಸಾಲು ಸೊಟ್ಟ ಎಂದು ಹೇಳುವವರು ಯಾರೂ ಇರಲಿಲ್ಲ. ನಮ್ಮ ಹೊಲದಲ್ಲಿ ನಾನು ಸಾಲು ಹೊಡೆದರೆ ಹೆಂಡತಿ ಬದುವಿನ ಮೇಲೆ ನಿಂತು ತಲೆ ಒಂದು ಕಡೆಗೆ ವಾಲಿಸಿ ನೋಡುತ್ತಾಳೆ. ಅಷ್ಟೇ ಸಾಕು. ಚೀನಾದಲ್ಲಿ ನನ್ನ ಸಾಲೆಲ್ಲ ನೇರ.

ಹೆಂಡತಿ ಕೇಳಿದರೆ ಪ್ರವಚನ ಕೇಳುತ್ತಿದ್ದೇನೆ ಎನ್ನುತ್ತಿದ್ದೆ. ಕೊಳಲಿನ ದನಿ ಬರುತ್ತಿದ್ದುದರಿಂದ ನಂಬಿದಳು.

ಕಟ್ಟು ಬಿಚ್ಚಿದ ಮೇಲೂ ಸ್ವಲ್ಪ ಕಾಲ ನೋವಿದ್ದುದು ನಿಜ. ಒಂದು ದಿನ ಅವಳು ಡೇರಿಗೆ ಹಾಲು ಕೊಡಲು ಹೋಗಿದ್ದಾಗ, ಅಟ್ಟದ ಮೇಲಿದ್ದ ಚಾರ್ಜರಿಗಾಗಿ ಸ್ಟೂಲ್ ಹತ್ತಿದೆ, ತೆಗೆದುಕೊಂಡೆ, ಇಳಿದೆ. ಇಳಿದ ಮೇಲೆ ನೆನಪಾಯಿತು, ನನಗೆ ಮಂಡಿನೋವಿದೆ ಎಂದು. ಕಾಲು ಮಡಚಿ ನೋಡಿದೆ, ಚಾಚಿ ನೋಡಿದೆ. ಏನೂ ಇಲ್ಲ. ಸಂತೋಷವಾಗಬೇಕಿತ್ತು. ನನಗಾದದ್ದು ಗಾಬರಿ. ಚೀನಾದಲ್ಲಿ ಭತ್ತ ತೆನೆ ಕಟ್ಟಿತ್ತು.

ಹಾಲಿನ ಕ್ಯಾನು ತೊಳೆಯುತ್ತಾ ಅವಳು ಕೇಳಿದಳು.

"ಇವತ್ತು ಎಂಗದೆ?"

"ಅಂಗೇ ಅದೆ ಕಣೆ."

ಸುಳ್ಳು ಶುರುವಾದದ್ದು ಈ ಎರಡು ಮಾತಿನಿಂದ. ಆಮೇಲೆ ದಿನಾ ಅದನ್ನೇ ಹೇಳಿದರೆ ಸಾಕಾಗುತ್ತಿತ್ತು.

ಸಂಜೆ ಹೊಲದಿಂದ ಬಂದು, ದನಕ್ಕೆ ಹುಲ್ಲು ಹಾಕಿ, ಒಲೆಯ ಮೇಲೆ ಎಸರಿಟ್ಟು, ಆಮೇಲೆ ಬಟ್ಟಲಲ್ಲಿ ಹರಳೆಣ್ಣೆ ಬೆಚ್ಚಗೆ ಮಾಡಿ ತರುತ್ತಿದ್ದಳು. ಕಂಬ ಹಿಡಿದು ನೆಲಕ್ಕೆ ಕೂತು ನನ್ನ ಮಂಡಿಗೆ ನೀವುತ್ತಿದ್ದಳು. ಕೂರುವಾಗ ಒಂದು "ಉಸ್ಸಪ್ಪಾ", ಏಳುವಾಗ ಒಂದು. ಕೆಲವರಿಗೆ ಮಾತಿಗೆ ಮುಂಚೆ ಕೆಮ್ಮುವ ಅಭ್ಯಾಸವಿರುತ್ತದಲ್ಲ, ಅಂಥದ್ದೆಂದುಕೊಂಡಿದ್ದೆ. ನಾನು ಫೋನನ್ನು ಎದೆಯ ಮೇಲೆ ಬೋರಲು ಹಾಕಿ ಕಣ್ಣುಮುಚ್ಚಿಕೊಳ್ಳುತ್ತಿದ್ದೆ.

"ಪ್ರವಚನ ಮುಗೀತಾ?"

"ಇವತ್ತಿಂದು ಮುಗೀತು."

"ಏನ್ ಯೇಳಿದ್ರು?"

"ಸಂಸಾರದಲ್ಲಿ ತಾಳ್ಮೆ ಇರಬೇಕು ಅಂದ್ರು."

ಚನ್ನರಾಯಪಟ್ಟಣದಿಂದ ಬೀಗರು ಮೂಸಂಬಿ ಹಿಡಿದುಕೊಂಡು ನೋಡಲು ಬಂದರು. ಅವರೆದುರು ಸ್ವಲ್ಪ ಹೆಚ್ಚಾಗಿಯೇ ನರಳಿದೆ. ಹಣ್ಣು ತಂದಿದ್ದರಲ್ಲ.

ಆ ವರ್ಷ ಕಡೆ ಮಳೆಗೆ ರಾಗಿಯೆಲ್ಲ ಮಲಗಿಬಿಟ್ಟಿತು. ಮಲಗಿದ ರಾಗಿಯನ್ನು ಮಿಷನ್ನು ಸರಿಯಾಗಿ ಕೊಯ್ಯುವುದಿಲ್ಲ, ಕುಡುಗೋಲೇ ಆಗಬೇಕು. ಆಳು ಸಿಕ್ಕದ ಕಾಲ, ಹಾಗಾಗಿ ಊರವರು ಮತ್ತೆ ಮುಯ್ಯಿಗೆ ಬಂದರು. ನೀವು ನಮ್ಮ ಹೊಲಕ್ಕೆ ಒಂದು ದಿನ ಬಂದರೆ ನಾವು ನಿಮ್ಮ ಹೊಲಕ್ಕೆ ಒಂದು ದಿನ. ಕೂಲಿಯ ಮಾತಿಲ್ಲ, ಊಟ ಹೊಲದವರದು. ಮುಯ್ಯಿ ಉಳಿಸಿಕೊಂಡವನಿಗೆ ಮುಂದಿನ ವರ್ಷ ಯಾರೂ ಬಾಗಿಲು ತಟ್ಟುವುದಿಲ್ಲ.

ನಮ್ಮ ಹೊಲದ ಪಕ್ಕದ ಹೊಲ ನನ್ನ ಬಾಮೈದನದು, ಎಂದರೆ ಹೆಂಡತಿಯ ತಮ್ಮನದು. ಅವನೂ ಅವನ ಹೆಂಡತಿಯೂ ಬಂದು ನಮ್ಮ ರಾಗಿ ಕೊಯ್ದುಕೊಟ್ಟರು. ನಾನು ಜಗಲಿಯಿಂದಲೇ "ಬುಡದಲ್ಲಿ ಕೊಯ್ರಪ್ಪಾ, ಹುಲ್ಲು ಸಿಕ್ತದೆ" ಎಂದು ಹೇಳಿಕಳಿಸಿದೆ. ಅವನ ಹೊಲದ ಸರದಿ ಬಂದಾಗ ನಾವಿಬ್ಬರು ಹೋಗಬೇಕಿತ್ತು.

"ನಿಮ್ಮ ಮುಯ್ಯಿನೂ ನಾನೇ ತೀರುಸ್ತೀನಿ ಬುಡಿ" ಎಂದಳು ಹೆಂಡತಿ. "ಎಚ್ಚಿಗೆ ದಿಸ ಓದ್ರಾಯ್ತು."

"ಪಾಪ, ನಿಂಗೆ ಕಷ್ಟ" ಎಂದೆ. ಆ 'ಪಾಪ' ಎಂಬ ಮಾತು ಈಗಲೂ ನನ್ನ ಗಂಟಲಲ್ಲಿದೆ.

ಚೀನಾದಲ್ಲೂ ಮುಯ್ಯಿ ಇತ್ತು. ಕೊಯ್ಲು ಬಂದಾಗ ಜಾಗಟೆ ಹೊಡೆದರೆ ಊರವರೆಲ್ಲ ಕುಡುಗೋಲು ಹಿಡಿದು ಓಡಿಬರುತ್ತಿದ್ದರು. ಆಮೇಲೆ ಅವರ ಗದ್ದೆಗೆ ನಾವು ಹೋಗಬೇಕು. ಅಲ್ಲಿ ನಾನು ಅದುವರೆಗೆ ಯಾರ ಮುಯ್ಯಿಯನ್ನೂ ಉಳಿಸಿಕೊಂಡಿರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬಳು ಮುದುಕಿ ಇದ್ದಳು, ಕಾಳು ರುಬ್ಬಿ ಪನೀರಿನಂಥದ್ದೇನೋ ಮಾಡುತ್ತಿದ್ದಳು. ಅವಳಿಗೆ ದಿನಾ ಒಂದು ಎಲೆಕೋಸೋ ಬಾತುಮೊಟ್ಟೆಯೋ ಕೊಟ್ಟು ಬರುತ್ತಿದ್ದೆ. ಆ ಊರಿನಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ಬಾಮೈದನ ಹೊಲದ ಕೊಯ್ಲಿನ ಕೊನೆಯ ದಿನ ಕಂಡಕ್ಟರ್ ಫೋನ್ ಮಾಡಿದರು.

"ಸುಗ್ಗಿ ಹಬ್ಬ ಇವತ್ತಿಗೇ ಮುಗೀತದೆ ಸಾ. ನನ್ನ ಫೋನಲ್ಲಿ ಕಾಣ್ತದೆ, ನಿಮ್ಮ ಭತ್ತ ಇನ್ನೂ ಗದ್ದೇಲೇ ನಿಂತದಲ್ಲ. ಮುದುಕಿ ಗದ್ದೆನೂ ಕೊಯ್ದಿಲ್ಲ ನೀವು. ಹಬ್ಬ ಮುಗುದ್ರೆ ಎಲ್ಲಾ ಹೋಯ್ತದೆ!"

ಮುದುಕಿಯ ಗದ್ದೆ ಕೊಯ್ಯುತ್ತೇನೆಂದು ಮಾತು ಕೊಟ್ಟವನು ನಾನು. ಕುಡುಗೋಲಿನ ಗುರುತು ಒತ್ತಿದೆ. ಅಷ್ಟರಲ್ಲಿ ಕರೆಂಟು ಹೋಯಿತು, ಫೋನಿನ ಬ್ಯಾಟರಿ ಕೆಂಪಾಗಿತ್ತು. ಯುಪಿಎಸ್ ಇದ್ದದ್ದು ಬಾಮೈದನ ಮನೆಯಲ್ಲಿ. ಅವರೆಲ್ಲ ಹೊಲದಲ್ಲಿರುತ್ತಾರೆ, ಬೀಗದ ಕೈ ಬಾಗಿಲ ಮೇಲಿನ ಗೂಡಿನಲ್ಲಿರುತ್ತದೆ. ಮುದುಕಿಯ ಗದ್ದೆಯೊಂದೇ ಕಣ್ಣಮುಂದೆ.

ಫೋನೂ ಚಾರ್ಜರೂ ಹಿಡಿದು ಹಿತ್ತಲಿನಿಂದ ಹೊರಟೆ. ಬದುವಿನ ಮೇಲೆ ಮೊದಲು ಬಿರುಸಾಗಿ ನಡೆದೆ, ಆಮೇಲೆ ಓಡಿದೆ. ನಡುವೆ ಒಂದು ಕಾಲುವೆ ಬರುತ್ತದೆ. ಅದರ ಮೇಲೆ ಹಾಸುಗಲ್ಲಿದೆ, ಆದರೆ ಸ್ವಲ್ಪ ಸುತ್ತು. ಹಾರಿದೆ. ಹುಲ್ಲಿನ ಮೆದೆಯನ್ನು ಬಳಸಿಕೊಂಡು ಅವನ ಅಂಗಳಕ್ಕೆ ಬಂದು ಬಿದ್ದೆ.

ಮುಯ್ಯಾಳುಗಳೆಲ್ಲ ಅಂಗಳದಲ್ಲಿ ಸಾಲಾಗಿ ಊಟಕ್ಕೆ ಕೂತಿದ್ದರು. ಕೊನೆಯ ದಿನವೆಂದು ಬಾಮೈದ ಕೋಳಿಸಾರು ಮಾಡಿಸಿ ಮನೆಗೇ ಕರೆದಿದ್ದ. ಇದ್ದಬದ್ದ ಮುದ್ದೆಗಳೆಲ್ಲ ಬಾಯಿಯ ಹತ್ತಿರ ನಿಂತವು. ನಾನೂ ನಿಂತೆ. ಆಸ್ಪತ್ರೆಯವರು ಕೊಟ್ಟ ಊರುಗೋಲು ಕೈಯಲ್ಲಿರಲಿಲ್ಲ. ಕುಂಟಲು ನೋಡಿದೆ, ಆದರೆ ಯಾವ ಕಾಲು ಎಂದು ತಕ್ಷಣಕ್ಕೆ ತೋಚಲಿಲ್ಲ.

ಬಾಮೈದನೇ ಮೊದಲು ಬಾಯಿಬಿಟ್ಟ.

"ಏನ್ ಬಾವ, ಮಂಡಿ ಮನೇಲೇ ಬುಟ್ಬುಟ್ ಬಂದ್ಯಾ?"

"ಕಾಲ್ವೆ ಹಾರಿದ್ದು ಕಂಡೆ ಕಣ್ಲಾ, ಕಡಸು ಹಾರ್ದಂಗೆ ಹಾರ್ದ" ಎಂದರು ಇನ್ನೊಬ್ಬರು.

"ಮೆಲ್ಲಗೆ ಬಾ ಬಾವ, ಬಿದ್ಗಿದ್ದೀಯ. ಡಾಕ್ಟ್ರು ಸುಮ್ನೆ ಮಲಗಿರು ಅಂದವ್ರೆ!"

ಚಾರ್ಜರು ಯಾಕೆಂದು ಕೇಳಿ ಚೀನಾದ ಗದ್ದೆಯ ವಿಷಯವನ್ನೂ ಬಾಯಿಬಿಡಿಸಿದರು. ನಗು ಶುರುವಾದದ್ದು ನಿಲ್ಲಲಿಲ್ಲ. ನಗದಿದ್ದವಳು ನನ್ನ ಹೆಂಡತಿ ಒಬ್ಬಳೇ. ಸಾಲಿನ ತುದಿಯಲ್ಲಿ ಎಲ್ಲರಂತೆ ನೆಲದ ಮೇಲಲ್ಲ, ಮಗುಚಿದ ಮಂಕರಿಯ ಮೇಲೆ, ಎರಡೂ ಕಾಲು ಮುಂದಕ್ಕೆ ಚಾಚಿಕೊಂಡು ಕೂತಿದ್ದಳು. ನನ್ನ ಕೈಯಲ್ಲಿದ್ದ ಚಾರ್ಜರನ್ನು ನೋಡಿದಳು, ಕಾಲನ್ನು ನೋಡಿದಳು. ಆಮೇಲೆ ತಟ್ಟೆಯ ಕಡೆಗೆ ತಿರುಗಿ ಮುದ್ದೆ ಮುರಿದಳು.

ಚೀನಾದಲ್ಲಿ ಹಬ್ಬ ಮುಗಿಯಿತು. ಮುದುಕಿಯ ಗದ್ದೆ ಕೊಯ್ಯಲಾಗಲಿಲ್ಲ.

ಆ ಸಂಜೆ ಎಣ್ಣೆ ಬಟ್ಟಲು ಬರಲಿಲ್ಲ. ದನಕ್ಕೆ ಹುಲ್ಲು, ಒಲೆಗೆ ಎಸರು, ಎಲ್ಲ ಎಂದಿನಂತೆ ಆಯಿತು. ಬಯ್ದಿದ್ದರೆ ಒಂದು ದಾರಿಯಿತ್ತು. ಐವತ್ತು ವರ್ಷದ ಸಂಸಾರದಲ್ಲಿ ಬೈಗುಳಕ್ಕೆ ಹೇಗೆ ಉತ್ತರ ಕೊಡಬೇಕೆಂದು ಕಲಿತಿದ್ದೆ. ಇನ್ನುಮುಂದೆ ನಾನು 'ನೋಯ್ತದೆ' ಎಂದರೆ ಇವಳು ನಂಬುತ್ತಾಳೆಯೇ ಎಂಬುದೊಂದೇ ನನಗೆ ಹೆದರಿಕೆ. ನಂಬದಿದ್ದರೆ ಈ ವಯಸ್ಸಿನಲ್ಲಿ ನನ್ನ ನೋವನ್ನು ಯಾರಿಗೆ ಹೇಳಲಿ?

ಊಟವಾದ ಮೇಲೆ ಅವಳೇ ಬಂದು ಎದುರಿಗೆ ನಿಂತಳು.

"ತೋರ್ಸಿ. ಏನದು ಪ್ರವಚನ, ನೋಡಾನ."

ತೋರಿಸಿದೆ. ಫೋನನ್ನು ದೂರ ಹಿಡಿದು, ಸಾಲು ನೋಡುವಾಗಿನಂತೆಯೇ ತಲೆ ವಾಲಿಸಿ ನೋಡಿದಳು.

"ಕಳೆ ಎಲ್ಲಿ?"

"ಇಲ್ಲಿ ಕಳೆ ಕಮ್ಮಿ."

"ಎಮ್ಮೆ ಸಗಣಿ ಯಾರು ಬಾಚೋದು?"

"ಇದು ಸಗಣಿ ಆಕಲ್ಲ."

"ಸಗಣಿ ಆಕ್ದಿರೋ ಎಮ್ಮೆ!" ಎಂದಳು. "ಅಡಿಗೆ?"

"ಹೊತ್ತಾದ್ರೆ ತಂತಾನೇ ಊಟ ಬತ್ತದೆ."

"ತಂತಾನೇ" ಎಂದಳು. ಆಮೇಲೆ ಪರದೆಯ ಮೇಲೆ ಬೆರಳಿಟ್ಟಳು. "ಈ ಮುದುಕಿ ಯಾರು?"

"ಪಕ್ಕದ್ಮನೆಯವ್ಳು. ದಿನಾ ಏನಾದ್ರೂ ಕೊಟ್ರೆ ತಲೆ ಮ್ಯಾಲೆ ಒಂದು ಕೆಂಪು ಹೃದಯ ಮೂಡ್ತದೆ. ಖುಷಿಯಾದ್ಲು ಅಂತ ಗೊತ್ತಾಗ್ಲಿ ಅಂತ."

ಅವಳು ಫೋನು ವಾಪಸು ಕೊಟ್ಟಳು. ಕಂಬ ಹಿಡಿದು ಒಳಕ್ಕೆ ಹೋಗುವ ಮೆಟ್ಟಿಲು ಹತ್ತಿದಳು. "ಉಸ್ಸಪ್ಪಾ."

ಆ ಮಾತು ನನ್ನ ಕಿವಿಗೆ ಮಾತಾಗಿ ಬಿದ್ದದ್ದು ಆವತ್ತೇ.

ಮಾರನೆಯ ದಿನ ಬಾಮೈದನ ಹೊಲದಲ್ಲಿ ಹೊರೆ ಕಟ್ಟಿ, ಹೊತ್ತು ತಂದು ಮೆದೆ ಹಾಕುವ ಕೆಲಸವಿತ್ತು. ಅವಳು ಏಳುವ ಮೊದಲೇ ಹೋಗಿ ನಿಂತೆ.

"ಓಹೋ, ಚೀನಾದಿಂದ ಆಳು ಬಂದವ್ರೆ ಬನ್ರಲಾ" ಎಂದು ಸ್ವಾಗತಿಸಿದರು.

ಹೊತ್ತೆ. ಮಧ್ಯಾಹ್ನದ ಹೊತ್ತಿಗೆ ಮಂಡಿಯಲ್ಲಿ ಮುಳ್ಳು ಮುರಿದಂತಾಯಿತು. ಈ ಸಲದ್ದು ನಿಜ. ಬದುವಿನ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಾಗ ಬಾಮೈದ ಬಂದು ತಲೆಯ ಮೇಲಿನ ಟವೆಲು ಕೊಡವಿದ.

"ನೋಯ್ತದಾ ಬಾವ? ಯಾವೂರ ನೋವು ಇದು, ನಮ್ಮೂರದ್ದಾ ಆ ಊರದ್ದಾ?"

ನಾನು ಎದ್ದು ಇನ್ನೊಂದು ಹೊರೆಗೆ ತಲೆ ಕೊಟ್ಟೆ.

ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲನ್ನು ಮೊದಲಿಟ್ಟು ಇನ್ನೊಂದನ್ನು ಎಳೆದುಕೊಂಡೆ. ಹಾಗೆ ಮಾಡಿದ್ದು ನನಗೇ ಗೊತ್ತಿರಲಿಲ್ಲ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದವಳು ನೋಡಿದಳು.

"ಮಂಡಿ ನೋಯ್ತದಾ?"

"ಇಲ್ಲ."

ಮೊರದಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

"ಇಲ್ದಾಗ ಅದೆ ಅಂದ್ರಿ. ಇರೋವಾಗ ಇಲ್ಲ ಅಂತೀರಿ. ಒಂದ್ ದಿಸನಾದ್ರೂ ಇದ್ದದ್ದು ಇದ್ದಂಗೆ ಯೇಳ್ಬಾರ್ದಾ?"

"ನೋಯ್ತದೆ" ಎಂದೆ.

ಅವಳು ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದಾಯಿತು, ಎಣ್ಣೆ ಕಾದ ವಾಸನೆ ಬಂತು. ಬಟ್ಟಲನ್ನು ತಂದು ನೆಲದ ಮೇಲಿಟ್ಟಳು. ನಾನು ಎಂದಿನ ಅಭ್ಯಾಸದಿಂದ ಕಾಲು ಚಾಚಿ ಗೋಡೆಗೆ ಒರಗಿದೆ.

"ನಿಮ್ದು ಆಮೇಲೆ" ಎಂದಳು.

ಕಂಬ ಹಿಡಿದು ಎದುರಿಗೆ ಕೂತು, ಸೀರೆಯನ್ನು ಮಂಡಿಯವರೆಗೆ ಸರಿಸಿ, ಎರಡೂ ಕಾಲನ್ನು ನನ್ನ ಮುಂದೆ ಚಾಚಿದಳು. ಮಂಡಿ ಎರಡೂ ಊದಿ ಹೊಳೆಯುತ್ತಿದ್ದವು. ಎಷ್ಟು ಕಾಲದಿಂದ ಹಾಗಿದ್ದವೋ. ಬೆರಳು ಅದ್ದಿ ಹಚ್ಚತೊಡಗಿದೆ. ಒಳಗೆ ಫೋನು ಹೊಡೆದುಕೊಂಡಿತು. ಆ ಹೊತ್ತಿಗೆ ಫೋನ್ ಮಾಡುವವರು ಕಂಡಕ್ಟರ್ ಒಬ್ಬರೇ.

"ಎತ್ಕಳಿ" ಎಂದಳು.

"ಕೈಯೆಲ್ಲ ಎಣ್ಣೆ" ಎಂದೆ.

ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಅವಳು ತಲೆ ವಾಲಿಸಿ ನನ್ನ ಕೈಯನ್ನೇ ನೋಡುತ್ತಿದ್ದಳು.

"ಫೋನ್ ಒತ್ತಿದಂಗಲ್ಲ" ಎಂದಳು. "ಸರ್ಯಾಗಿ ಒತ್ತಿ."